ಮುನ್ನೂರರಲ್ಲಿ ಒಬ್ಬರ ಅಂತರ

ನಂತೂರು ಕಡೆಯ ರಸ್ತೆಯೂ ಪಂಪ್‌ವೆಲ್ ಕಡೆಯ ರಸ್ತೆಯೂ ಪಡೀಲ್‌ನಲ್ಲಿ ಕೂಡಿಕೊಂಡು ಬಿ.ಸಿ. ರೋಡಿನತ್ತ ಸಾಗುತ್ತವೆ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ವಾರ ಮಂಗಳೂರಿನ ಇಂಥ ಕೂಡುರಸ್ತೆಗಳಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. ಯೂನಿಫಾರ್ಮ್ ತೊಟ್ಟ ಮುಖಗಳು, ಕೆಳಗೆ ದಪ್ಪಕ್ಷರದಲ್ಲಿ 625ಕ್ಕೆ ಇಷ್ಟು, 600ಕ್ಕೆ ಇಷ್ಟು. ಬಸ್ಸಿನ ಕಿಟಕಿ ಪಕ್ಕ ಕುಳಿತ ಹುಡುಗಿಗೆ ಅದನ್ನು ಓದದೆ ವಿಧಿಯಿಲ್ಲ. ಓದಿದ ಮರುಕ್ಷಣ, ತನ್ನ ಅಂಕವನ್ನು ಅದರಿಂದ ಕಳೆಯುವ ಲೆಕ್ಕ ಮನಸ್ಸಿನಲ್ಲಿ ಶುರುವಾಗುತ್ತದೆ.

ಕರಾವಳಿಯಲ್ಲಿ ಜಿಲ್ಲೆಗೆ ಜಿಲ್ಲೆಯೇ ಈ ಲೆಕ್ಕದಲ್ಲಿದೆ. 2024ರ ದ್ವಿತೀಯ ಪಿಯುಸಿಯಲ್ಲಿ ದಕ್ಷಿಣ ಕನ್ನಡ ಶೇ. 97.37 ಫಲಿತಾಂಶ ಪಡೆದು ಮೊದಲಾಯಿತು, ಉಡುಪಿ ಎರಡನೆಯದು. ಮರುವರ್ಷ ಉಡುಪಿ ಶೇ. 93.90, ದಕ್ಷಿಣ ಕನ್ನಡ ಶೇ. 93.57. ಈ ಅಂತರವನ್ನು ಬಿಡಿಸಿ ನೋಡಿದರೆ ಮುನ್ನೂರು ಮಕ್ಕಳಲ್ಲಿ ಸುಮಾರು ಒಬ್ಬರು. ಅಷ್ಟಕ್ಕೇ ಒಂದು ಜಿಲ್ಲೆ ಗೆದ್ದಿತು, ಇನ್ನೊಂದು ಸೋತಿತು ಎನ್ನುವುದು ಪಾಠ ಹೇಳಿದ ಮೇಷ್ಟ್ರಿಗೂ ಓದಿದ ಮಕ್ಕಳಿಗೂ ಮಾಡುವ ಅನ್ಯಾಯ.

ಹೋಲಿಸಿಕೊಳ್ಳುವುದು ಮನುಷ್ಯನ ಸಹಜ ಗುಣ ಎಂದು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ವಾದಿಸಿದ್ದರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ದೃಶ್ಯಗಳನ್ನು ಇಟ್ಟುಕೊಂಡು ನಡೆಸಿದ ಅಧ್ಯಯನವೊಂದರಲ್ಲಿ, ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರ ಮುಖದಲ್ಲೇ ಹೆಚ್ಚು ಖುಷಿ ಕಂಡಿತು. ಬೆಳ್ಳಿಯವರ ಕಣ್ಣು ತಪ್ಪಿಹೋದ ಚಿನ್ನದ ಮೇಲಿತ್ತು.

ಈ ಹೋಲಿಕೆಯ ಸಂಕಟಕ್ಕೆ ಮದ್ದು ಎಂಬಂತೆ ‘ಸಮೃದ್ಧಿಯ ಮನೋಭಾವ’ದ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ಲೇಖಕ ಸ್ಟೀಫನ್ ಕೋವಿ 1989ರ ತಮ್ಮ ಪುಸ್ತಕದಲ್ಲಿ ಇದನ್ನು ಜನಪ್ರಿಯಗೊಳಿಸಿದರು: ಎಲ್ಲರಿಗೂ ಸಾಕಾಗುವಷ್ಟಿದೆ ಎಂಬ ನಂಬಿಕೆ. ಆದರೆ ಎಲ್ಲ ಕಡೆಗೂ ಇದು ಹೊಂದುವುದಿಲ್ಲ. ಸರ್ಕಾರಿ ಮೆಡಿಕಲ್ ಸೀಟುಗಳು ಎಣಿಕೆಯವು. ಅಲ್ಲಿ ‘ಸಾಕಷ್ಟಿದೆ’ ಎಂದು ಮಕ್ಕಳಿಗೆ ಹೇಳಿದರೆ ಅದು ಸುಳ್ಳು. ಹತ್ತನೇ ತರಗತಿಯ ಪಾಸು ಹಾಗಲ್ಲ. ಒಬ್ಬಳು ಪಾಸಾದರೆ ಇನ್ನೊಬ್ಬನ ಪಾಲು ಕಡಿಮೆಯಾಗದು. ಎಲ್ಲರ ಎಲೆಗೂ ಬಡಿಸಬಹುದಾದ ಊಟವನ್ನು ಪಂದ್ಯ ಮಾಡಿದವು ನಮ್ಮ ಫ್ಲೆಕ್ಸ್‌ಗಳು.

ಹಾಗೆಂದು ಹೋಲಿಕೆಯನ್ನೇ ಬಿಟ್ಟುಬಿಡುವುದೂ ತಪ್ಪು. 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದಾಗ ಕಲಬುರಗಿ ಶೇ. 42.43ರಲ್ಲಿತ್ತು. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಡಲೇಬೇಕು. ಕರಾವಳಿ ಬೀಗುವುದಕ್ಕಲ್ಲ, ಕಲಬುರಗಿಯ ತರಗತಿಗಳಲ್ಲಿ ಏನು ಕೊರತೆ ಎಂದು ಸರ್ಕಾರವನ್ನು ಕೇಳುವುದಕ್ಕೆ. ಮಗುವನ್ನು ಮಗುವಿನ ಜತೆ ತೂಗುವ ತಕ್ಕಡಿ ಬೇಡ. ಸೌಲಭ್ಯವನ್ನು ಸೌಲಭ್ಯದ ಜತೆ ತೂಗುವ ತಕ್ಕಡಿ ಬೇಕು.

ಪಡೀಲ್‌ನಿಂದ ಅಡ್ಯಾರ್ ಕಡೆಗೆ ಹೋಗಿ ನೇತ್ರಾವತಿ ದಾಟಿದರೆ ಹರೇಕಳ. ಅಲ್ಲಿನ ಹಾಜಬ್ಬ ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವರು. ವಿದೇಶಿ ದಂಪತಿ ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರಿಸಲಾಗದೆ ನಿಂತರು. ಅಂಥ ಗಳಿಗೆಯಲ್ಲಿ ಓದಿದವರ ಜತೆ ತನ್ನನ್ನು ಹೋಲಿಸಿಕೊಂಡು ಕುಗ್ಗುವುದು ಸುಲಭ. ಹಾಜಬ್ಬ ಆ ನೋವನ್ನು ತನ್ನೊಳಗೇ ಇಟ್ಟುಕೊಳ್ಳಲಿಲ್ಲ. ಊರಿನ ಮಕ್ಕಳಿಗೆ ಈ ಗತಿ ಬರಬಾರದೆಂದು ಉಳಿಸಿದ ಹಣ ಸೇರಿಸಿ, ಕಚೇರಿಗಳಿಗೆ ಅಲೆದು ಹರೇಕಳದ ನ್ಯೂಪಡ್ಪುವಿಗೆ ಶಾಲೆ ತಂದರು. ಸಮೃದ್ಧಿಯ ಮನೋಭಾವ ಎಂಬುದಕ್ಕೆ ಈ ಭಾಗದಲ್ಲಿ ಒಂದು ನಿದರ್ಶನ ಕೊಡಬೇಕಾದರೆ ಇದನ್ನೇ ಕೊಡಬೇಕು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಅದನ್ನು ಪಡೆದರು. ಆಮೇಲೂ ಅವರು ಕೇಳಿದ್ದು ಒಂದನ್ನೇ: ಊರಿಗೊಂದು ಪಿಯು ಕಾಲೇಜು.