ಕಿಟಕಿಗೆ ಸಿಕ್ಕ ಕೆರೆ

ಬೆಂಗಳೂರಿನಲ್ಲಿ ಮನೆ ಹುಡುಕುವಾಗ ನಾವು ಓದಿದ ಬಣ್ಣದ ಕರಪತ್ರಗಳಲ್ಲೆಲ್ಲ ‘ಲೇಕ್ ವ್ಯೂ’. ಆ ಕಡೆ ಬಾಲ್ಕನಿಯಿದ್ದರೆ ಬೆಲೆಯೂ ಹೆಚ್ಚು. ಚಿತ್ರದಲ್ಲಿ ನೀಲಿ ನೀರು, ಎರಡು ಕೊಕ್ಕರೆ. ದನ ಮೈತೊಳೆಯುವವನಿಲ್ಲ, ಬಲೆ ಬೀಸುವವನಿಲ್ಲ. ಕೆರೆಯನ್ನು ನಂಬಿ ಬದುಕಿದವರನ್ನು ಅಳಿಸಿದ ಮೇಲಷ್ಟೇ ಅದು ‘ನೋಟ’ವಾಗುತ್ತದೇನೋ. ವಾಸನೆಯನ್ನಂತೂ ಅಚ್ಚುಹಾಕಲಾಗದು. ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೇ ಹಾರಿ ಬಂತು; 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಅಲ್ಲಿ ಬೆಂಕಿಯೂ ಎದ್ದಿತು. ಕೆರೆಯಂಚಿನಿಂದ 75 ಮೀಟರ್ ಬಿಟ್ಟು ಕಟ್ಟಿ ಎಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಮಹಾಯೋಜನೆಯ 30 ಮೀಟರೇ ಉಳಿಯಿತು. ನೋಟವೇನೋ ಇನ್ನಷ್ಟು ಹತ್ತಿರವಾಯಿತು. ನಾವು ನೋಡಲು ಹೋದ ಮನೆಯಲ್ಲಿ ಕೆರೆಯ ಕಡೆಯ ಕಿಟಕಿ ಮುಚ್ಚಿತ್ತು. ತೆಗೆಯಲು ಕೈಚಾಚಿದೆವು.

“ಬೇಡಿ ಸಾಬ್ರೇ, ಸೊಳ್ಳೆ ಬರ್ತವೆ” ಎಂದ ವಾಚ್‌ಮನ್.