ಸರತಿಯ ಸಾಲು: ಒಂದು ಗಣಿತಸಿದ್ಧಾಂತದ ವಿಮರ್ಶೆ

ಕೆಲಸವನ್ನು ನಡೆಸಿಕೊಡುವವನು ಒಬ್ಬನೇ ಇರುವ ಎಡೆಯಲ್ಲಿ ಬಂದವರು ಕಾಯಬೇಕಾಗುವುದು ಲೋಕವಿದಿತವಾದ ಸಂಗತಿ. ಇದಕ್ಕೆ ಅವನ ಆಲಸ್ಯವೇ ಕಾರಣವೆಂದು ಕಾದವರು ಭಾವಿಸುವುದೂ, ನಡುನಡುವೆ ಅವನಿಗೆ ದೊರೆಯುವ ಬಿಡುವು ದುಂದೆಂದು ಮೇಲಧಿಕಾರಿಗಳು ಎಣಿಸುವುದೂ ವಾಡಿಕೆ. ಈ ಎರಡು ಮತಗಳೂ ಪೂರ್ಣಸತ್ಯವಲ್ಲವೆಂದು ತೋರಿಸಿದುದು ಸರತಿಯ ಸಾಲಿನ ಗಣಿತದ ಮುಖ್ಯವಾದ ಉಪಕಾರ. ಆದರೆ ಆ ಗಣಿತವು ಏನನ್ನು ಅಳೆಯುವುದು, ಏನನ್ನು ಅಳೆಯದೆ ಬಿಡುವುದು ಎಂಬುದೂ ವಿವೇಚನಾರ್ಹವಾಗಿದೆ.

ಈ ಶಾಸ್ತ್ರದ ಮೂಲಪುರುಷನು ಡೆನ್ಮಾರ್ಕ್ ದೇಶದ ಅಗ್ನರ್ ಕ್ರಾರುಪ್ ಎರ್ಲಾಂಗ್ (1878–1929). ಕೋಪನ್‌ಹೇಗನ್ನಿನ ಟೆಲಿಫೋನು ಕಂಪನಿಯಲ್ಲಿ ಉದ್ಯೋಗದಲ್ಲಿದ್ದ ಈತನು 1909ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಒಂದನ್ನೊಂದು ಅವಲಂಬಿಸದೆ ಬರುವ ಕರೆಗಳ ಸಂಖ್ಯೆಯು ಪಾಯ್ಸನ್ ನಿಯಮವನ್ನು ಅನುಸರಿಸುವುದೆಂದು ತೋರಿಸಿ, ಪ್ರತಿಯೊಂದು ಕರೆಗೂ ಸಮಾನವಾದ ಕಾಲ ಹಿಡಿಯುವಾಗ ಉಂಟಾಗುವ ಕಾಯುವಿಕೆಯನ್ನು ವಿಚಾರಮಾಡಿದನು. ಕೆಲಸದ ಕಾಲವು ಹೇಗೆ ಏರಿಳಿದರೂ ಅನ್ವಯಿಸುವ ಸೂತ್ರವನ್ನು 1930ರಲ್ಲಿ ಪೊಲ್ಲಾಚೆಕ್ಕನೂ 1932ರಲ್ಲಿ ಖಿಂಚಿನನೂ ಒದಗಿಸಿದರು.

ಸಿದ್ಧಾಂತದ ತಿರುಳನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಅಂಚೆಯ ಕಚೇರಿಯೊಂದರ ಕಿಟಕಿಯಲ್ಲಿ ಒಬ್ಬ ಗುಮಾಸ್ತನಿರುವನು. ಒಬ್ಬೊಬ್ಬರ ಕೆಲಸಕ್ಕೂ ಸರಾಸರಿ 5 ನಿಮಿಷ ಹಿಡಿಯುವುದು. ಗಂಟೆಗೆ 10 ಜನ ಬರುವರು. ಆರಾರು ನಿಮಿಷಕ್ಕೊಬ್ಬರಂತೆ ಕ್ರಮವಾಗಿ ಬಂದು, ಪ್ರತಿಯೊಬ್ಬರಿಗೂ ಸರಿಯಾಗಿ 5 ನಿಮಿಷವೇ ಹಿಡಿದರೆ, ಯಾರೂ ಕಾಯಬೇಕಾಗಿಲ್ಲ. ಬರುವಿಕೆ ಮಾತ್ರ ಯಾದೃಚ್ಛಿಕವಾದರೆ ಸರಾಸರಿ ಕಾಯುವಿಕೆ 12½ ನಿಮಿಷ. ಬಹುಮಂದಿಯ ಕೆಲಸ ಬೇಗ ಮುಗಿದು, ಕೆಲವರದು ಬಹಳ ಹೊತ್ತು ಹಿಡಿಯುವಂತೆ ಕೆಲಸದ ಕಾಲವೂ ಘಾತೀಯ ನಿಯಮದಂತೆ ಏರಿಳಿದರೆ 25 ನಿಮಿಷ. ಮೂರು ಸಂದರ್ಭಗಳಲ್ಲಿಯೂ ಗುಮಾಸ್ತನ ವೇಗ ಒಂದೇ. ಗಂಟೆಗೆ ಅವನಿಗೆ ದೊರೆಯುವ ಬಿಡುವು ಸರಾಸರಿ 10 ನಿಮಿಷ. ಆದಕಾರಣ ಇಲ್ಲಿ ಕಾಯುವಿಕೆಯು ಹುಟ್ಟುವುದು ಆಲಸ್ಯದಿಂದಲ್ಲ, ಅಕ್ರಮದಿಂದ. ಜನವಿಲ್ಲದಾಗ ಕಳೆದ ನಿಮಿಷಗಳನ್ನು ಜನ ಮುತ್ತಿದಾಗ ಬಳಸುವಂತೆ ಕೂಡಿಡಲಾಗದು.

ಬಿಡುವನ್ನು ಕಿತ್ತುಕೊಂಡರೆ ಆಗುವುದೇನು? ಕಡೆಯ ಸಂದರ್ಭದಲ್ಲಿ ಗಂಟೆಗೆ ಒಬ್ಬನೇ ಹೆಚ್ಚಾಗಿ ಬಂದರೂ ಬಿಡುವು 5 ನಿಮಿಷಕ್ಕೆ ಇಳಿದು, ಕಾಯುವಿಕೆ 55 ನಿಮಿಷಕ್ಕೆ ಏರುವುದು. 12 ಜನರಾದರೆ ಅದಕ್ಕೆ ಮಿತಿಯೇ ಇಲ್ಲ. ದುಂದೆಂದು ಎಣಿಸಿದ ಬಿಡುವೇ ಸಾಲನ್ನು ತಡೆದು ನಿಲ್ಲಿಸಿದ ಕಟ್ಟೆ.

ಇಷ್ಟು ಗುಣಪಕ್ಷ. ಇನ್ನು ದೋಷಪಕ್ಷದಲ್ಲಿ ಮುಖ್ಯವಾದುದು ಸರಾಸರಿಯ ಮೇಲಣ ಅತಿಯಾದ ಭರವಸೆ. ಕೆಲಸ ಎಷ್ಟು ಹೊತ್ತು ಹಿಡಿಯುವುದೆಂಬುದನ್ನು ಲೆಕ್ಕಿಸದೆ, ಮೊದಲು ಬಂದವನನ್ನೇ ಕರೆಯಲಿ, ಕಡೆಗೆ ಬಂದವನನ್ನೇ ಕರೆಯಲಿ, ಚೀಟಿಯೆತ್ತಿ ಕರೆಯಲಿ, ಸರಾಸರಿ ಬದಲಾಗದು. ಬದಲಾಗುವುದು ಒಬ್ಬೊಬ್ಬರ ಪಾಲಿಗೆ ಬರುವ ಕಾಲದ ಏರುಪೇರು. ಮೊದಲು ಬಂದವನಿಗೆ ಮೊದಲು ಎಂಬ ಕ್ರಮದಲ್ಲಿ ಅದು ಕನಿಷ್ಠವಾಗುವುದೆಂದು 1962ರಲ್ಲಿ ಕಿಂಗ್‌ಮನ್ ತೋರಿಸಿದನು. ‘ಸರತಿಯ ಸಾಲು’ ಎಂಬ ನುಡಿಯಲ್ಲಿ ಎರಡು ಪದಗಳುಂಟು. ಸರಾಸರಿಗೆ ಕಾಣುವುದು ಸಾಲು, ಸರತಿಯಲ್ಲ. ಸಣ್ಣ ಕೆಲಸದವರನ್ನು ಮುಂದೆ ಕರೆದರೆ ಸರಾಸರಿ ಇಳಿಯುವುದು ನಿಜ. ಆದರೆ ದೊಡ್ಡ ಕೆಲಸವುಳ್ಳವನು ಹಿಂದೆ ಬೀಳುವನು. ಇಳಿದ ಸರಾಸರಿಯೊಂದನ್ನೇ ಸುಧಾರಣೆಯೆಂದು ಸಾರುವವರು ಅವನ ಪಾಡನ್ನು ಮುಚ್ಚಿಟ್ಟಂತಾಗುವುದು.

ಮೇಲಾಗಿ, ಈ ಅಂಕೆಗಳು ಪರಿಸ್ಥಿತಿಯು ದೀರ್ಘಕಾಲ ಒಂದೇ ಸಮನಾಗಿರುವುದೆಂಬ ಊಹೆಯ ಮೇಲೆ ನಿಂತಿವೆ. ಬಾಗಿಲು ತೆರೆಯುವ ಮೊದಲೇ ನೆರೆದ ಗುಂಪಿಗೂ, ಸಾಲನ್ನು ಕಂಡು ಹಿಂದಿರುಗಿದವರಿಗೂ ಅವು ಹಾಗೆಯೇ ಸಲ್ಲವು. ಹಿಂದಿರುಗಿದವರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕೆಟ್ಟ ಏರ್ಪಾಡೂ ಒಳ್ಳೆಯದಾಗಿ ತೋರುವುದು. ಸಿದ್ಧಾಂತವನ್ನು ಪ್ರಯೋಗಿಸುವವರು ಸರಾಸರಿಯೊಡನೆ ಏರುಪೇರನ್ನೂ, ಸೂತ್ರದೊಡನೆ ಅದರ ಊಹೆಗಳನ್ನೂ ಹೇಳತಕ್ಕದ್ದು. ಆಗ ಗುಮಾಸ್ತನಿಗೂ ಕಾಯುವವನಿಗೂ ಅದರಿಂದ ನ್ಯಾಯ ದೊರೆಯುವುದು.