ಅಲೆ ದೊಡ್ಡದಾದರೆ ಬೋರ್ಡ್ ಚಿಕ್ಕದಾಗಬೇಕೇ?

ನಿಂತು ಪ್ಯಾಡಲ್ ಹಾಕುತ್ತ ಅಲೆಯೇರುವ ಸ್ಟ್ಯಾಂಡ್-ಅಪ್ ಪ್ಯಾಡಲ್‌ ಬೋರ್ಡ್ ಕೊಳ್ಳಹೊರಟವರಿಗೆ ಮೊದಲು ಸಿಗುವ ಬುದ್ಧಿಮಾತು ಒಂದೇ: ಚಿಕ್ಕ ಅಲೆಗೆ ದೊಡ್ಡ ಬೋರ್ಡ್, ದೊಡ್ಡ ಅಲೆಗೆ ಚಿಕ್ಕ ಬೋರ್ಡ್. ನೆನಪಿಡಲು ಸುಲಭ, ಪೂರ್ತಿ ಸುಳ್ಳೂ ಅಲ್ಲ. ಆದರೆ ಇದನ್ನೇ ನೆಚ್ಚಿ ದುಡ್ಡು ಸುರಿದರೆ ಎರಡೂ ತುದಿಯಲ್ಲಿ ಕೈಸುಡುತ್ತದೆ.

ಈ ಮಾತು ಬಂದದ್ದು ಮಾಮೂಲಿ ಸರ್ಫಿಂಗ್‌ನಿಂದ. ಅಲ್ಲಿ ಸವಾರ ಬೋರಲು ಮಲಗಿ ಕೈಯಲ್ಲೇ ನೀರು ತಳ್ಳಬೇಕು. ಸಪ್ಪೆ ಅಲೆ ಹಿಡಿಯಲು ಉದ್ದ ಬೋರ್ಡೇ ಆಸರೆ. ಪ್ಯಾಡಲ್ ಹಿಡಿದವನಿಗೆ ಅಲೆ ಹಿಡಿಯುವ ವೇಗ ಪ್ಯಾಡಲ್‌ನಿಂದಲೇ ಬರುತ್ತದೆ. ಆದರೂ ಹವಾಯಿಯ ಮಾವಿ ದ್ವೀಪದಲ್ಲಿ ಸರ್ಫರ್‌ಗಳಾದ ಲೇರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮಾ ಈ ಆಟಕ್ಕೆ ಮರುಜೀವ ಕೊಟ್ಟಾಗ ಬಳಸಿದ್ದು ಇಬ್ಬರನ್ನು ಹೊರುವ ಉದ್ದನೆಯ ಟ್ಯಾಂಡೆಮ್ ಬೋರ್ಡುಗಳನ್ನು. ನಿಂತವನನ್ನು ತೇಲಿಸುವಂಥವು ಬೇರೆ ಇರಲಿಲ್ಲ. ಇಂದು ಆ ಕೊರತೆಯಿಲ್ಲ.

ಆದ್ದರಿಂದ ಉದ್ದಕ್ಕಿಂತ ಮೊದಲು ನೋಡಬೇಕಾದದ್ದು ಲೀಟರ್ ಲೆಕ್ಕ. ಒಂದು ಲೀಟರ್ ಗಾತ್ರ ಹೆಚ್ಚುಕಡಿಮೆ ಒಂದು ಕಿಲೋ ಭಾರ ಹೊರುತ್ತದೆ. 75 ಕಿಲೋ ತೂಗುವವರು 9 ಕಿಲೋ ಬೋರ್ಡಿನ ಮೇಲೆ ನಿಂತರೆ 84 ಲೀಟರಿಗೇ ಬೋರ್ಡ್ ನೀರಿನ ಮಟ್ಟಕ್ಕೆ ಇಳಿದಿರುತ್ತದೆ. ಪಳಗಿದವರು ಇದಕ್ಕೆ ತುಸು ಮೇಲೆ ಸಂಭಾಳಿಸುತ್ತಾರೆ. ಹೊಸಬರಿಗೆ 140-150 ಲೀಟರ್ ಬೇಕು. ಇಲ್ಲವಾದರೆ ಅಲೆಗೆ ಕಾಯುವಾಗಲೇ ಕಾಲು ಸೋಲುತ್ತದೆ.

ಇನ್ನು ಸೊಂಟದೆತ್ತರದ ಅಲೆ. ಇಲ್ಲಿ ಬೇಕಿರುವುದು ಉದ್ದವಲ್ಲ, ಹರವು. ಎಂಟು ಅಡಿಯದಾದರೂ 30 ಇಂಚು ಅಗಲ, ಚಪ್ಪಟೆ ತಳ, ಅಗಲ ಬಾಲ ಇದ್ದರೆ ಬಲವಿಲ್ಲದ ಅಲೆಯಲ್ಲೂ ಬೋರ್ಡ್ ಜಾರುತ್ತದೆ, ತಿರುಗುತ್ತದೆ. ಹತ್ತೂವರೆ ಅಡಿಯದು ಅಲೆಯನ್ನು ಬೇಗ ಹಿಡಿಯುತ್ತದೆ ನಿಜ, ಆಮೇಲೆ ನೇರ ದಡಕ್ಕೇ ಹೋಗುತ್ತದೆ.

ಅಲೆ ಎದೆಮಟ್ಟ ದಾಟಿದಾಗ ಇದೇ ಚಪ್ಪಟೆ ತಳ ಮುಳುವಾಗುತ್ತದೆ. ಕಡಿದಾದ ಇಳಿಜಾರಿಗೆ ಬೋರ್ಡ್ ಬಿದ್ದ ಕ್ಷಣದಲ್ಲಿ ಮೂತಿ ಮೇಲಕ್ಕೆ ಬಾಗಿರದಿದ್ದರೆ ಅದು ನೀರೊಳಗೆ ಹೂತು ಸವಾರನನ್ನು ಮುಂದಕ್ಕೆ ಎಸೆಯುತ್ತದೆ. ದಪ್ಪ ಅಂಚು ನೀರನ್ನು ಕಚ್ಚುವುದಿಲ್ಲ, ಅಗಲ ಬಾಲ ಪಕ್ಕಕ್ಕೆ ಜಾರುತ್ತದೆ. ಮೂತಿಯ ಆ ಮೇಲ್ಬಾಗನ್ನೇ ರಾಕರ್ ಎನ್ನುವುದು. ರಾಕರ್ ಹೆಚ್ಚು, ಅಂಚು ತೆಳು, ಬಾಲ ಕಿರಿದು: ಈ ಎತ್ತರಕ್ಕೆ ಹದವಾದ ಬೋರ್ಡ್ ಇದು. ಆರು ಇಂಚು ದಪ್ಪದ, ಗಾಳಿ ತುಂಬುವ ಬೋರ್ಡುಗಳು ಸೋಲುವುದೂ ಇಲ್ಲೇ. ಅವುಗಳ ಉರುಟು ಅಂಚಿಗೆ ಹಿಡಿತವೇ ಇಲ್ಲ.

ಹವಾಯಿಯದೇ ಓಹು ದ್ವೀಪದ ಸನ್‌ಸೆಟ್ ಬೀಚಿನಂಥ ಕಡೆ, ಆಳುದ್ದ ಮೀರಿದ ಅಲೆಗಳಲ್ಲಿ, ಆ ಬುದ್ಧಿಮಾತು ತಲೆಕೆಳಗಾಗುತ್ತದೆ. ಓಡುವ ನೀರಿಗಿಂತ ಹಿಂದೆ ಬೀಳದಿರಲು ಬೋರ್ಡ್ ಮತ್ತೆ ಉದ್ದವಾಗಬೇಕು. ಈ ಸಲ ಅಗಲವಾಗಿ ಅಲ್ಲ, ಎರಡೂ ತುದಿ ಚೂಪಾಗಿ.

ಮಂಗಳೂರು ಬಳಿಯ ನಮ್ಮ ಸಸಿಹಿತ್ಲಿನಲ್ಲಿ ಏನು ಮಾಡಬೇಕು? ನಂದಿನಿ-ಶಾಂಭವಿ ಕಡಲು ಸೇರುವ ಆ ಅಳಿವೆಯಲ್ಲಿ 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಪ್ಯಾಡಲ್ ಸ್ಪರ್ಧೆ ನಡೆದಾಗ ಕಣ್ಸೆಳೆದವು ರೇಸಿನ ಉದ್ದ ಬೋರ್ಡುಗಳು. ಅವು ನೇರ ಓಟಕ್ಕೆ, ಅಲೆಯಾಟಕ್ಕಲ್ಲ. ಬೇಸಿಗೆಯ ಸಣ್ಣ ಅಲೆಗಳೇ ನಿಮಗೆ ಹೆಚ್ಚು ಸಿಗುವುದಾದರೆ, ಒಂಬತ್ತರಿಂದ ಹತ್ತು ಅಡಿಯ, 30-31 ಇಂಚು ಅಗಲದ, ಮೂತಿಯಲ್ಲಿ ತುಸು ರಾಕರ್ ಇರುವ ಗಟ್ಟಿ ಬೋರ್ಡೇ ಮೊದಲ ಖರೀದಿಗೆ ಸರಿ. ಅದರ ಮೇಲೆ ತಿರುಗುವುದು ಪಳಗಿದ ಮೇಲೆ ಕಿರಿದಾದದ್ದಕ್ಕೆ ಇಳಿಯಬಹುದು. ಮುಂಗಾರಿನ ಹೊಸ್ತಿಲಲ್ಲಿ ಏಳುವ ನಾಲ್ಕು ದಿನದ ದೊಡ್ಡ ಅಲೆಗೆಂದು ಈಗಲೇ ತೆಳು ಬೋರ್ಡ್ ತಂದವರು ಉಳಿದ ತಿಂಗಳೆಲ್ಲ ಬೀಳುವುದನ್ನೇ ಅಭ್ಯಾಸ ಮಾಡುತ್ತಾರೆ.